ನರಳಿಕೆಗೆ ಇನಾಮು ಕೊಡದ ಅಕ್ಕೋರು

ಮನುಷ್ಯನ ನಡತೆಯನ್ನು ತಿದ್ದುವುದು ಋಷಿಮುನಿಗಳಿಗೂ ಕೈಗೂಡದ ಕೆಲಸ. ಅದಕ್ಕೆ ಜನ್ಮಾಂತರದ ತಪಸ್ಸು ಬೇಕು. ನಮ್ಮ ಅಕ್ಕೋರಿಗೆ ಹುರಿದ ಶೇಂಗಾ ಸಾಕಾಗುತ್ತಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದೇ ಒಂದು ಕಾಳು ಹಿಡಿದು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನಮ್ಮನ್ನು ನೋಡುತ್ತ ನಿಲ್ಲುತ್ತಿದ್ದರು. ಸರಿ ಉತ್ತರ ಬಂದ ಕ್ಷಣವೇ ಕಾಳು ಉತ್ತರ ಹೇಳಿದವನ ಡೆಸ್ಕಿನ ಮೇಲೆ. ಮೀಸೆ ಬಲಿತ, ಕೆಲವರಿಗೆ ಮದುವೆಯೂ ಆಗಿದ್ದ ನಾವು ಆ ಕಾಳಿಗಾಗಿ ಕೈಯೆತ್ತಿ ಕುಪ್ಪಳಿಸುತ್ತಿದ್ದೆವು.

ಅದು ಚಿಕ್ಕೋಡಿಯ ಬಿ.ಎಡ್. ಕಾಲೇಜು, ಎರಡು ಸಾವಿರದ ಆಚೀಚಿನ ವರ್ಷಗಳು. ಅಕ್ಕೋರು ನಮಗೆ ಮನೋವಿಜ್ಞಾನ ಹೇಳುತ್ತಿದ್ದರು. ಅವರ ತರಗತಿಯಲ್ಲಿ ಕೆಲವು ಶಬ್ದಗಳಿಗೆ ಪ್ರವೇಶವಿರಲಿಲ್ಲ. ಹಾರೂಗೇರಿಯ ಗೆಳೆಯನೊಬ್ಬ ಶಾಲೆಯೊಂದರಲ್ಲಿ ಪಾಠ ಮಾಡುವ ಅಭ್ಯಾಸ ಮುಗಿಸಿ ಬಂದು ಅಲ್ಲಿನ ಹುಡುಗನೊಬ್ಬನ ವರದಿ ಒಪ್ಪಿಸಿದ: "ಆ ಹುಡುಗ ಭಾಳ ಸೊಕ್ಕಿನಾಂವ ಅದಾನ್ರಿ, ಅಕ್ಕೋರ."

"ಸೊಕ್ಕು ಎಲ್ಲಿ ಐತಪಾ? ತಲಿಮ್ಯಾಗೋ, ಬೆನ್ನಮ್ಯಾಗೋ?"

"ಹಂಗಲ್ರೀ... ಹೆಸರ ಹಿಡದ ಕರದ್ರ ಎದ್ದ ನಿಲ್ಲಂಗಿಲ್ರಿ."

"ಹಾಂ, ಇದು ಕಣ್ಣಿಗೆ ಕಾಣತೈತಿ. ಕಾಣೋದನ್ನ ತಿದ್ದಬಹುದು. ಸೊಕ್ಕು ಇಳಸಾಕ ನಾವೇನು ಸ್ವಾಮಿಗಳಲ್ಲ."

ಪುನರ್ಬಲನ ಎಂಬ ಭಾರೀ ಶಬ್ದವನ್ನು ಅವರು ಹೀಗೆ ಬಿಡಿಸಿದ್ದರು: ಒಂದು ಕೆಲಸದ ಬೆನ್ನಿಗೆ ಏನು ಬಂದರೆ ಆ ಕೆಲಸ ಮತ್ತೆ ಮತ್ತೆ ನಡೆಯುವುದೋ, ಅದೇ ಪುನರ್ಬಲನ, ನಾವು ಬಾಯಲ್ಲಿ ಅದನ್ನು ಏನೆಂದು ಕರೆದರೂ ಅಷ್ಟೇ. ಋಣಾತ್ಮಕ ಪುನರ್ಬಲನವೆಂದರೆ ಶಿಕ್ಷೆಯೇ ಎಂದು ನಾವೆಲ್ಲ ಒಮ್ಮತದಿಂದ ತಪ್ಪು ತಿಳಿದಿದ್ದೆವು. "ಹೇಣ್ತಿ ಗೊಣಗಾಕತ್ತಾಳ. ಗಂಡ ಎದ್ದು ಹಿಟ್ಟಿನ ಗಿರಣಿಗೆ ಹೋದ. ಗೊಣಗೋದು ನಿಂತತು. ನಾಳೆ ಆಂವ ಲಗೂನ ಹೊಕ್ಕಾನೋ ಇಲ್ಲೋ? ಪೀಡಾ ತಪ್ಪಿದ್ದು ಆಂವಗ ಇನಾಮು. ಇದರಾಗ ಶಿಕ್ಷಾ ಎಲ್ಲೈತಿ?" ಎಂದು ಕೇಳಿದರು. ಹಿಂದಿನ ಸಾಲಿನ ವಿವಾಹಿತನೊಬ್ಬ, "ಗಿರಣ್ಯಾಗ ಪಾಳೆ ಭಾಳ ಇರತೈತ್ರಿ, ಅದ ಶಿಕ್ಷಾ" ಎಂದ. ಅಕ್ಕೋರು ಗಂಭೀರವಾಗಿ ಅವನಿಗೊಂದು ಕಾಳು ಕೊಟ್ಟರು.

ಇದೆಲ್ಲ ಪರೀಕ್ಷೆಯಲ್ಲಿ ಬರೆದು ಮರೆಯುವ ವಿದ್ಯೆಯೆಂದೇ ನಾನು ನಂಬಿದ್ದೆ. ಹತ್ತಾರು ವರ್ಷ ಕಳೆದು ನನ್ನ ಅಪ್ಪ ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು.

ಅಪ್ಪ ಪ್ರಾಯದಲ್ಲಿ ಕುಸ್ತಿ ಆಡಿದವರು. ತೊಡೆಯ ಎಲುಬು ಮುರಿಯಿತು, ಮಿರಜದಲ್ಲಿ ಆಪರೇಶನ್ ಆಯಿತು, ಎಲುಬು ಕೂಡಿತು. ಅಪ್ಪ ಮಾತ್ರ ಮಂಚ ಬಿಟ್ಟು ಏಳಲಿಲ್ಲ. ಹೀಗೇ ಮಲಗಿದರೆ ಕಾಲಿನ ಕಸುವೆಲ್ಲ ಹೋಗಿ ಮುಂದೆ ಏಳಬೇಕೆಂದರೂ ಆಗದು ಎಂದು ಡಾಕ್ಟರು ಎಚ್ಚರಿಸಿದ್ದರು. ಅಪ್ಪ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿದರು.

ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸಲು ಹೋಗುವುದು ದೊಡ್ಡ ಧರ್ಮ. ರಾಯಬಾಗ, ಶಿರಗುಪ್ಪಿ, ಭೋಜ, ಎಲ್ಲೆಲ್ಲಿ ನೆಂಟರಿದ್ದರೋ ಅಲ್ಲಿಂದೆಲ್ಲ ಎಳನೀರು, ಬಾಳೆಹಣ್ಣು, ಕಣ್ಣೀರು ಬಂದವು. ಅಪ್ಪ "ಅಯ್ಯಯ್ಯೋ" ಎಂದರೆ ಒಬ್ಬರು ಕಾಲು ಒತ್ತುವರು, ಇನ್ನೊಬ್ಬರು ಚಹಾ ಹಿಡಿಯುವರು.

ಅಕ್ಕೋರು ನಿವೃತ್ತರಾಗಿ ನಮ್ಮ ಓಣಿಯಲ್ಲೇ ಇದ್ದರು. ಅವರೂ ಮಾತಾಡಿಸಲು ಬಂದರು, ಬರಿಗೈಯಲ್ಲಿ. ಮೂಲೆಯಲ್ಲಿ ಕುಳಿತು ಎಲ್ಲ ನೋಡಿ, ಹೊರಗೆ ಬಂದು ನನಗೆ ಹೇಳಿದರು: "ನೀವೆಲ್ಲಾರೂ ಕೂಡಿ ಅವರಿಗೆ ನರಳಿದ್ದಕ್ಕ ಇನಾಮು ಕೊಡಾಕತ್ತೀರಿ. ಎದ್ದು ಕುಂತಾಗ ಯಾರರೆ ಹತ್ತಿರ ಹೊಕ್ಕೀರೇನು?"

ಯಾರೂ ಹೋಗುತ್ತಿರಲಿಲ್ಲ. ಅವರು ಎದ್ದು ಕುಳಿತರೆ 'ಸದ್ಯ, ಆರಾಮ ಅದಾರ' ಎಂದು ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಓಡುತ್ತಿದ್ದೆವು.

ಮರುದಿನದಿಂದ ಅಕ್ಕೋರ ಆಡಳಿತ. ನಿಜವಾದ ನೋವಿಗೆ ಗುಳಿಗೆ ಹೊತ್ತಿಗೆ ಸರಿಯಾಗಿ ಕೊಡಬೇಕು. ನರಳಿಕೆಗೆ ಮಾತ್ರ ಯಾರೂ ಓಡಿ ಬರಕೂಡದು. ಹೀಗೆ ಇನಾಮು ನಿಲ್ಲಿಸಿ ನಡತೆಯನ್ನು ನಂದಿಸುವುದಕ್ಕೆ ಪುಸ್ತಕದಲ್ಲಿ ವಿಲೋಪನ ಎನ್ನುತ್ತಾರೆ. "ಮೊದಲ ನರಳೂದು ಹೆಚ್ಚಾಗತೈತಿ. ಗಟ್ಟಿ ಕುಂದರ್ರಿ" ಎಂದಿದ್ದರು. ಹೆಚ್ಚಾಯಿತು. ಓಣಿಯವರು ನಾವು ಮುದುಕನನ್ನು ಹೊಡೆಯುತ್ತಿದ್ದೇವೆಂದು ಇಣುಕಿ ನೋಡುವಷ್ಟು ಹೆಚ್ಚಾಯಿತು. ಆಗಲೇ ರಾಯಬಾಗದಿಂದ ಬಂದಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ತಡೆಯಲಾರದೆ ಸೆರಗಿನ ಮರೆಯಲ್ಲಿ ರವೆಯ ಸಿಹಿ ಶಿರಾದ ಬಟ್ಟಲು ಒಯ್ದು ತಮ್ಮನ ಬಾಯಿಗಿಟ್ಟರು.

"ಎಷ್ಟ ಗಟ್ಟಿ ಒದರಿದ್ರ ಶಿರಾ ಸಿಗತೈತಿ ಅಂತ ಅವರಿಗೆ ಈಗ ಗೊತ್ತಾತು" ಎಂದರು ಅಕ್ಕೋರು. ಅತ್ತೆಯನ್ನು ಬೈಯಲಿಲ್ಲ. ಮೊದಲಿನಿಂದ ಶುರು ಮಾಡಿದರು.

ಮುಂದೆ ಅವರೇ ಒಂದು ತಪ್ಪು ಮಾಡಿದರು. ಚಹಾ, ಭಜಿಯನ್ನು ಹೊರಗಿನ ಕಟ್ಟೆಯ ಮೇಲಷ್ಟೇ ಕೊಡಬೇಕೆಂದರು. ಅಪ್ಪ ಮಲಗಿದಲ್ಲಿಂದಲೇ ಘೋಷಿಸಿದರು: "ಇವತ್ತಿಂದ ನಾ ಚಹಾ ಬಿಟ್ಟೆ." ಅಕ್ಕೋರು ಮನಸಾರೆ ನಕ್ಕರು. "ನಾ ಇನಾಮು ಅಂದದ್ದು ಅವರಿಗೆ ಇನಾಮಲ್ಲ. ಅವರಿಗೆ ಏನ ಬೇಕೋ ಅದನ್ನ ಹುಡಕೂಣು."

ಸಿಕ್ಕಿದ್ದು ಅಕಸ್ಮಾತ್ತಾಗಿ. ಅತ್ತೆ ಕಟ್ಟೆಯ ಮೇಲೆ ಕುಳಿತು, ಭೋಜದ ಕುಸ್ತಿಯಲ್ಲಿ ತಮ್ಮ ಗೆದ್ದದ್ದು ಎದುರಾಳಿ ಕಾಲು ಜಾರಿ ಬಿದ್ದದ್ದಕ್ಕೆ ಎಂದು ಯಾರಿಗೋ ಹೇಳುತ್ತಿದ್ದರು. ಒಳಗಿನಿಂದ ಗರ್ಜನೆ ಬಂತು: "ಸುಳ್ಳ! ನಾ ಎತ್ತಿ ಒಗದೇನಿ!"

ಅಕ್ಕೋರ ಕಣ್ಣು ಹೊಳೆಯಿತು. ಮಂಚದಿಂದ ಕೂಗಿದರೆ ಯಾರೂ ಉತ್ತರ ಕೊಡಕೂಡದು. ಎದ್ದು ಹೊಸ್ತಿಲಿಗೆ ಬಂದರೆ ತಕ್ಷಣ ಜಗಳ ಕೊಡಬೇಕು. ಒಮ್ಮೆ ಬಂದಮೇಲೆ, ಕೇಳಿಸಿಕೊಳ್ಳಲು ಅಪ್ಪ ಇನ್ನಷ್ಟು ಮುಂದೆ ಬರಲೆಂದು, ಅತ್ತೆ ದಿನಕ್ಕಿಷ್ಟು ದನಿ ತಗ್ಗಿಸಬೇಕು, ಅವರ ಕುರ್ಚಿ ದಿನಕ್ಕಿಷ್ಟು ಆಚೆ ಸರಿಯಬೇಕು. ಗುರಿಯತ್ತ ಇಟ್ಟ ಸಣ್ಣ ಹೆಜ್ಜೆಗೂ ಇನಾಮು ಕೊಟ್ಟು ಮುಂದಕ್ಕೆ ಕರೆಯುವ ಈ ವಿಧಾನಕ್ಕೆ ರೂಪಿಸುವಿಕೆ ಎಂದು ಹೆಸರು. ಇದರಲ್ಲಿ ಅಪ್ಪನನ್ನು ರೂಪಿಸಿದ್ದು ಸುಲಭ. ಕಬ್ಬಿನ ಗದ್ದೆಯ ಆ ತುದಿಗೆ ಕೇಳಿಸುವಂತೆ ಮಾತಾಡಿಯೇ ಬೆಳೆದ ಅತ್ತೆಯ ದನಿ ತಗ್ಗಿಸಲು ಅಕ್ಕೋರು ಪಟ್ಟ ಪಾಡಿಗೆ ಪ್ರತ್ಯೇಕ ಗ್ರಂಥ ಬೇಕು.

ಮೊದಲ ಸಲ ಅಪ್ಪ ಗೋಡೆ ಹಿಡಿದು, ಬೆವೆತು, ಹೊಸ್ತಿಲಲ್ಲಿ ನಿಂತಾಗ ಅವ್ವ ಹಿಡಿಯಲು ಧಾವಿಸಿದಳು. ಅಕ್ಕೋರು ಕಣ್ಣಲ್ಲೇ ತಡೆದರು. ಅತ್ತೆ ಪಾಠ ತಪ್ಪಲಿಲ್ಲ: "ಬಾರೋ ತಮ್ಮಾ. ಜಾರಿ ಬಿದ್ದಾಂವನ ಎತ್ತಿ ಒಗದ್ಯಾ ನೀ?"

"ನೀ ಎಲ್ಲಿದ್ದಿ ಅಲ್ಲಿ? ಅಡಗಿಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ದಿ!"

ಆ ಜಗಳ ಹೊಸ್ತಿಲಿನಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ, ಆಮೇಲೆ ಓಣಿಯ ತುದಿಯ ಬೇವಿನ ಮರದ ತನಕ ಹೋಯಿತು. ಯಾರು ಗೆದ್ದರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಇದೆಲ್ಲ ಯಾರ ಕೈವಾಡವೆಂದು ಅಪ್ಪನಿಗೆ ತಡವಾಗಿ ತಿಳಿಯಿತು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. "ಆ ಹೆಣಮಗಳು ಗರಡಿಮನಿ ವಸ್ತಾದ ಆಗಬೇಕಾಗಿತ್ತು" ಎಂದರು. ಕುಸ್ತಿ ಕಲಿಸಿದ ಗುರುವನ್ನು ಬಿಟ್ಟು ಇನ್ನಾರನ್ನೂ ಅವರು ವಸ್ತಾದ ಎಂದು ಕರೆದದ್ದಿಲ್ಲ. ನಾನು ಅಕ್ಕೋರ ವಿದ್ಯಾರ್ಥಿಯೆಂದು ಹೇಳಿಕೊಳ್ಳುವಾಗ ಈಗಲೂ ನನ್ನ ಎದೆ ಒಂದಿಷ್ಟು ಅಗಲವಾಗುತ್ತದೆ. ನನ್ನ ತರಗತಿಯಲ್ಲಿ ಛಡಿ ಇಲ್ಲ. ಯಾವ ಮಗುವನ್ನೂ ಸೋಮಾರಿ ಎಂದು ನಾನು ಕರೆದಿಲ್ಲ. ಕರೆಯಲು ಬಾಯಿ ತೆರೆದಾಗಲೆಲ್ಲ ಆ ಕನ್ನಡಕ ಅಡ್ಡ ಬಂದಿದೆ.

ಕೆಲವು ವರ್ಷಗಳ ನಂತರ, ಒಂದು ಬೇಸಿಗೆಯ ಮುಂಜಾನೆ ಅಕ್ಕೋರು ತೀರಿಕೊಂಡರು. ಊರ ಹೊರಗಿನ ಸ್ಮಶಾನಕ್ಕೆ ದಾರಿ ದೂರ, ಏರು ಬೇರೆ. ವಯಸ್ಸಾದವರಿಗೆಂದು ಟೆಂಪೋ ತರಿಸಿದ್ದೆವು. ಅಪ್ಪ ಅದನ್ನು ಹತ್ತಲಿಲ್ಲ. ಮನೆಯಿಂದ ಸ್ಮಶಾನದ ತನಕ ನಡೆದು ಬಂದರು, ಅಲ್ಲಿಂದ ನಡೆದೇ ಮನೆಗೆ ಹೋದರು.