ಪೂಜೆಗಿಟ್ಟ ಪುಸ್ತಕದ ಕೊನೆಯ ಪುಟ

೨೦೨೩ರಲ್ಲಿ ನಾನು ಹೊನ್ನಾವರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ದಾಖಲೆ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. ಅದಕ್ಕೂ ಇಪ್ಪತ್ತಾರು ವರ್ಷಗಳ ಹಿಂದೆ ಎಕ್ಸ್‌-ರೇ ತಂತ್ರಜ್ಞೆಯಾಗಿ ಸೇರಿದವಳು. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದ ಕೈಯಲ್ಲೇ ಕಂಪ್ಯೂಟರ್ ಕಲಿತೆ, ಸಿ.ಟಿ. ಯಂತ್ರ ಬಂದಾಗ ಅದನ್ನೂ ಕಲಿತೆ. ಕೊನೆಗೆ ಬೆನ್ನುನೋವು ಬಂದ ಮೇಲೆ ರೋಗಿಗಳ ಹಳೆಯ ಚಿತ್ರಗಳನ್ನು ಜೋಪಾನವಾಗಿಡುವ ಕೆಲಸ ನನ್ನ ಪಾಲಿಗೆ ಬಂತು. ಲೆಕ್ಕ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಸೆಂಟರಿನಲ್ಲಿ ಯಾರೂ ಇಲ್ಲ ಎಂಬ ಜಂಬವೂ ನನಗಿತ್ತು. ಆ ಜಂಬ ಇಳಿದದ್ದು ಹೇಗೆ ಎಂಬುದೇ ಈ ಅನುಭವ.

ಒಬ್ಬರ ಎದೆಯ ಸಿ.ಟಿ. ಸ್ಕ್ಯಾನ್ ಎಂದರೆ ಒಂದು ಚಿತ್ರವಲ್ಲ, ನೂರಾರು ಚಿತ್ರಗಳ ಕಟ್ಟು. ಹತ್ತು ವರ್ಷಗಳಲ್ಲಿ ನಮ್ಮಲ್ಲಿ ಸೇರಿದ ಚಿತ್ರಗಳ ಗಾತ್ರ ಸುಮಾರು ಹತ್ತು ಸಾವಿರ ಜಿ.ಬಿ. ಆಗಿತ್ತು. ಕೊನೆಯ ಎರಡು ವರ್ಷದ್ದು ಮಾತ್ರ ಸೆಂಟರಿನ ಕಂಪ್ಯೂಟರಿನಲ್ಲಿತ್ತು. ಉಳಿದ ಎಂಟು ಸಾವಿರವೂ ಒಂದು ದೊಡ್ಡ ಕಂಪನಿಯ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆದ ಅವರ ಯಂತ್ರಗಳಲ್ಲಿ ಇತ್ತು. ಜಿ.ಬಿ.ಗೆ ತಿಂಗಳಿಗೆ ಎರಡು ರೂಪಾಯಿಯ ಲೆಕ್ಕದಲ್ಲಿ ಹದಿನಾರು ಸಾವಿರದ ಬಿಲ್ಲು ತಪ್ಪದೆ ಬರುತ್ತಿತ್ತು. ಯಾರೂ ಕೇಳದ ಹಳೆಯ ಚಿತ್ರಗಳಿಗೆ ಇಷ್ಟು ಬಾಡಿಗೆ ಯಾಕೆ ಎಂದು ನಮ್ಮ ಮಾಲೀಕರಾದ ಡಾ. ಶ್ರೀಧರ್ ಪ್ರತಿ ತಿಂಗಳೂ ಗೊಣಗುತ್ತಿದ್ದರು.

೨೦೨೧ರಲ್ಲಿ ನಾನೇ ಒಂದು ದಾರಿ ಹುಡುಕಿದೆ. ದೊಡ್ಡ ಕಂಪನಿಯದು ಕೇಂದ್ರೀಕೃತ ಕ್ಲೌಡ್. ಕಟ್ಟಡ ಅವರದು, ಯಂತ್ರ ಅವರದು, ಕಾವಲೂ ಅವರದು. ವಿಕೇಂದ್ರೀಕೃತ ಕ್ಲೌಡ್ ಹಾಗಲ್ಲ. ಅದರಲ್ಲಿ ನಮ್ಮ ಚಿತ್ರವನ್ನು ನಮ್ಮ ಕಂಪ್ಯೂಟರಿನಲ್ಲೇ ಗುಪ್ತಲಿಪಿಗೆ ತಿರುಗಿಸಿ, ಎಂಬತ್ತರಷ್ಟು ತುಂಡು ಮಾಡಿ, ಜಗತ್ತಿನಾದ್ಯಂತ ತಮ್ಮ ಹಾರ್ಡ್‌ಡಿಸ್ಕಿನಲ್ಲಿ ಜಾಗ ಮಿಕ್ಕವರ ಬಳಿಗೆ ಕಳಿಸುತ್ತಾರೆ. ಅದರಲ್ಲಿ ಮೂವತ್ತರಷ್ಟು ತುಂಡು ವಾಪಸು ಸಿಕ್ಕರೂ ಪೂರ್ತಿ ಚಿತ್ರ ಕಟ್ಟಬಹುದು. ಕಟ್ಟಡದ ಖರ್ಚಿಲ್ಲದ್ದರಿಂದ ದರ ಅಗ್ಗ. ನಮಗೆ ಬಿದ್ದದ್ದು ಜಿ.ಬಿ.ಗೆ ನಲವತ್ತು ಪೈಸೆ, ಅಂದರೆ ತಿಂಗಳಿಗೆ ಮೂರು ಸಾವಿರದ ಇನ್ನೂರು. ಹಳೆಯ ಕಂಪನಿಯಿಂದ ಎಲ್ಲವನ್ನೂ ಹೊರಗೆ ತೆಗೆಯಲು ಜಿ.ಬಿ.ಗೆ ಒಂಬತ್ತು ರೂಪಾಯಿಯಂತೆ ಎಪ್ಪತ್ತೆರಡು ಸಾವಿರ ಒಂದೇ ಸಲ ಕಟ್ಟಬೇಕಾಯಿತು. ಒಳಗಿಡುವಾಗ ಬಿಡಿಗಾಸೂ ಕೇಳದವರು ಹೊರಗೆ ತರುವಾಗ ಇಷ್ಟು ಕೇಳುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಆದರೂ ಆರು ತಿಂಗಳಲ್ಲಿ ಆ ದುಡ್ಡು ಹುಟ್ಟುತ್ತದೆ, ಆಮೇಲೆ ತಿಂಗಳಿಗೆ ಹನ್ನೆರಡು ಸಾವಿರದ ಎಂಟುನೂರು ಉಳಿತಾಯ ಎಂದು ಪಟ್ಟಿ ಬರೆದು ತೋರಿಸಿದೆ. ಡಾಕ್ಟರಿಗೆ ಖುಷಿಯಾಯಿತು. ನನಗೆ ಅವರಿಗಿಂತ ಹೆಚ್ಚು ಖುಷಿಯಾಯಿತು.

ಒಂದೇ ಒಂದು ಷರತ್ತಿತ್ತು. ಗುಪ್ತಲಿಪಿಯನ್ನು ಬಿಡಿಸುವ ಕೀಲಿ ನಮ್ಮ ಬಳಿ ಮಾತ್ರ ಇರುತ್ತದೆ. ಹನ್ನೆರಡು ಇಂಗ್ಲಿಷ್ ಪದಗಳ ಒಂದು ಸಾಲು ಅದು. ಕಳೆದರೆ ಫೋನ್ ಮಾಡಿ ಕೇಳಲು ಯಾರೂ ಇಲ್ಲ. ಕಂಪ್ಯೂಟರಿನಲ್ಲಿ ಒಮ್ಮೆ ತುಂಬಿದರೆ ದಿನನಿತ್ಯ ಅದರ ಅಗತ್ಯ ಬೀಳುವುದಿಲ್ಲವಾದರೂ ಕಾಗದದ ಮೇಲೆ ಬರೆದಿಡಲೇಬೇಕು. ಎಲ್ಲಿಡಲಿ ಎಂದು ಕೇಳಿದರೆ ಡಾಕ್ಟರು, ಎಲ್ಲಾದರೂ ಭದ್ರವಾಗಿಡಿ, ನನಗೂ ಹೇಳಬೇಡಿ, ನಾನು ಬಾಯಿ ತಪ್ಪಿ ಹೇಳಿಬಿಡುತ್ತೇನೆ ಎಂದರು.

ಸೆಂಟರಿನಲ್ಲಿ ಅತ್ಯಂತ ಭದ್ರವಾದ ವಸ್ತು ಯಾವುದು ಎಂದು ಎರಡು ದಿನ ಯೋಚಿಸಿದೆ. ಕಪಾಟಿನ ಕೀಲಿ ನಾಲ್ಕು ಜನರ ಕೈಯಲ್ಲಿ ಓಡಾಡುತ್ತದೆ. ಮೇಜಿನ ಖಾನೆಯನ್ನು ಗುಡಿಸುವವರೂ ತೆಗೆಯುತ್ತಾರೆ. ಆದರೆ ನಮ್ಮ ಮೊದಲ ರಿಜಿಸ್ಟರ್ ಒಂದಿತ್ತು, ಸೆಂಟರ್ ಶುರುವಾದ ದಿನ ಮೊದಲ ರೋಗಿಯ ಹೆಸರು ಬರೆದ ಕೆಂಪು ರಟ್ಟಿನ ಪುಸ್ತಕ. ಅದನ್ನು ಯಾರೂ ತೆರೆಯುವುದಿಲ್ಲ, ಧೂಳು ಒರೆಸದೆ ಬಿಡುವುದೂ ಇಲ್ಲ. ಅದರ ಕೊನೆಯ ಪುಟದಲ್ಲಿ ಹನ್ನೆರಡು ಪದಗಳನ್ನು ಬರೆದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಪುಸ್ತಕ ಪ್ರತಿ ನವರಾತ್ರಿಗೆ ಭಟ್ಕಳ ತಾಲೂಕಿನ ಬೆಳಕೆಗೆ ಹೋಗುತ್ತದೆ. ಡಾಕ್ಟರ ತಾಯಿ ಇರುವುದು ಅಲ್ಲಿ. ಮೊದಲ ಯಂತ್ರ ಕೊಳ್ಳುವಾಗ ಅವರು ತಮ್ಮ ಬಳೆ ಬಿಚ್ಚಿ ಕೊಟ್ಟಿದ್ದರಂತೆ. ಅಂದಿನಿಂದ ಶಾರದಾ ಪೂಜೆಗೆ ಮನೆಯ ಪುಸ್ತಕಗಳ ಜೊತೆ ಸೆಂಟರಿನ ಮೊದಲ ರಿಜಿಸ್ಟರನ್ನೂ ಇಡುವುದು ಪದ್ಧತಿ. ನಮ್ಮ ಕಡೆ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆಗೆಯುವಂತಿಲ್ಲ, ಓದುವಂತಿಲ್ಲ. ಇದೆಲ್ಲ ನನಗೂ ಚೆನ್ನಾಗಿ ಗೊತ್ತಿತ್ತು. ಪೂಜೆ ಬೇರೆ, ಕಂಪ್ಯೂಟರ್ ಬೇರೆ ಎಂದುಕೊಂಡವಳಿಗೆ ಎರಡನ್ನೂ ಜೋಡಿಸಿ ನೋಡಲು ಹೊಳೆಯಲಿಲ್ಲ, ಅಷ್ಟೆ.

೨೦೨೩ರ ನವರಾತ್ರಿಯ ಶುಕ್ರವಾರ ಪುಸ್ತಕ ಬೆಳಕೆಗೆ ಹೋಯಿತು. ಅದೇ ಸಂಜೆ ಚಿತ್ತೆ ಮಳೆಯ ಸಿಡಿಲು ನಮ್ಮ ಕಟ್ಟಡದ ಪಕ್ಕದ ತೆಂಗಿನ ಮರಕ್ಕೆ ಹೊಡೆಯಿತು. ಕೀಲಿ ತುಂಬಿಟ್ಟಿದ್ದ, ಹಳೆಯ ಚಿತ್ರ ತರಿಸುವ ಕಂಪ್ಯೂಟರ್ ಸುಟ್ಟು ವಾಸನೆ ಬಂತು. ಹೋದರೆ ಹೋಗಲಿ, ಮಂಗಳವಾರ ಹಬ್ಬ ಮುಗಿದ ಮೇಲೆ ಬೇರೆ ಕಂಪ್ಯೂಟರಿಗೆ ಕೀಲಿ ತುಂಬಿದರಾಯಿತು ಎಂದುಕೊಂಡು ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಿರ್ಜಾನಿನ ನಾಗವೇಣಿ ಬಂದು ಕೂತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು, ನಲವತ್ತಾರು ವಯಸ್ಸು. ಜೊತೆಗೆ ಗಂಡ ಇದ್ದ. ತಿಂಗಳಿಂದ ಬಿಡದ ಕೆಮ್ಮಿಗೆ ಮಂಗಳೂರಿನಲ್ಲಿ ತೋರಿಸಿದಾಗ ಅವಳ ಶ್ವಾಸಕೋಶದಲ್ಲಿ ಒಂಬತ್ತು ಮಿಲಿಮೀಟರಿನ ಒಂದು ಚುಕ್ಕೆ ಕಂಡಿತ್ತು. ಅದು ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಹಬ್ಬವೆಂದು ಮುಂದೂಡುವುದು ಬೇಡ, ಸೋಮವಾರ ಬೆಳಿಗ್ಗೆ ಎದೆಯೊಳಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸೋಣ ಎಂದು ಅಲ್ಲಿನ ವೈದ್ಯರು ಹೇಳಿದ್ದರು. ಜೊತೆಗೆ ಒಂದು ಮಾತು ಕೇಳಿದ್ದರು: ಹಿಂದೆ ಎಂದಾದರೂ ಎದೆಯ ಸ್ಕ್ಯಾನ್ ಆಗಿತ್ತೇ? ಚುಕ್ಕೆ ಆಗಲೂ ಇಷ್ಟೇ ದೊಡ್ಡದಿದ್ದರೆ ಹೆದರುವ ಕಾರಣವಿಲ್ಲ, ಬೆಳೆದದ್ದಾದರೆ ತಡ ಮಾಡುವಂತಿಲ್ಲ.

ಆಗಿತ್ತು. ಆರು ವರ್ಷದ ಹಿಂದೆ ಗಂಡನ ಬೈಕಿನ ಹಿಂದಿನಿಂದ ಬಿದ್ದಾಗ ನಮ್ಮಲ್ಲೇ ಆಗಿತ್ತು. ಆಗ ಕೊಟ್ಟ ಫಿಲ್ಮು, ಸಿ.ಡಿ. ಎಲ್ಲ ನಡುವೆ ಬಂದ ಅಘನಾಶಿನಿಯ ನೆರೆಯಲ್ಲಿ ಹಾಳಾಗಿದ್ದವು. ಆಗಿನ ವರದಿಯಲ್ಲಿ ಪಕ್ಕೆಲುಬಿನ ಬಿರುಕಿನ ವಿಷಯವಷ್ಟೇ ಇತ್ತು. ಚಿತ್ರವನ್ನೇ ಮತ್ತೆ ನೋಡಬೇಕಿತ್ತು. ಚಿತ್ರ ಇದ್ದದ್ದು ಎಂಬತ್ತು ತುಂಡಾಗಿ ಎಲ್ಲೆಲ್ಲಿಯೋ, ಕೀಲಿ ಇದ್ದದ್ದು ಬೆಳಕೆಯ ದೇವರ ಕೋಣೆಯಲ್ಲಿ.

"ನಿಮ್ಮತ್ರ ಇರೂದು ಹೌದಲ್ದಾ ಮೇಡಮ್?" ಎಂದು ನಾಗವೇಣಿ ಕೇಳಿದಳು. ಇದೆ, ಸಂಜೆಯೊಳಗೆ ಸಿಗುತ್ತದೆ ಎಂದು ಹೇಳಿಬಿಟ್ಟೆ.

ಡಾಕ್ಟರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ತಲೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ, ಅಮ್ಮನಿಗೆ ನಾನು ಫೋನ್ ಮಾಡಿದರೆ ಆಗುವ ಕೆಲಸವೂ ಆಗುವುದಿಲ್ಲ, ದಶಮಿಗೆ ಮೊದಲು ಪುಸ್ತಕ ಮುಟ್ಟಿದ್ದಕ್ಕೆ ಚಿಕ್ಕಂದಿನಲ್ಲಿ ಬಾರಿಸಿದ್ದಾರೆ, ನೀವೇ ಹೋಗಿ ಎಂದರು. ಅಷ್ಟರಲ್ಲಿ ನಮ್ಮ ಹಿರಿಯ ತಂತ್ರಜ್ಞ ಇಮ್ರಾನ್ ಬೇರೊಂದು ಕಂಪ್ಯೂಟರ್ ಸಿದ್ಧ ಮಾಡಿಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಭಟ್ಕಳದವನಾದ ಇಮ್ರಾನ್ ಹಬ್ಬಕ್ಕೆಂದು ರಜೆ ಹಾಕದೆ ಉಳಿದದ್ದು ನಮ್ಮ ಪುಣ್ಯ.

ಡಾಕ್ಟರ ಕಾರಿನಲ್ಲಿ ಮಂಕಿ, ಮುರ್ಡೇಶ್ವರ ದಾಟುವವರೆಗೂ ನಾನು ಒಂದೇ ಲೆಕ್ಕ ಮಾಡುತ್ತಿದ್ದೆ. ಎರಡು ವರ್ಷದಲ್ಲಿ ನಾನು ಉಳಿಸಿದ ದುಡ್ಡು ಎಷ್ಟು, ಒಂದು ಜೀವದ ಸೋಮವಾರಕ್ಕೆ ಅದು ಸಾಕೇ ಎಂದು. ದಾರಿಯುದ್ದಕ್ಕೂ ನನ್ನನ್ನು ನಾನೇ ಶಪಿಸಿಕೊಂಡೆ. ಡಾಕ್ಟರ ಅಮ್ಮ ಒಪ್ಪದಿದ್ದರೆ ನಾಗವೇಣಿಗೆ ಏನು ಮುಖ ತೋರಿಸಲಿ ಎಂಬ ಭಯವೇ ದೊಡ್ಡದಾಗಿತ್ತು.

ಎಂಬತ್ತು ದಾಟಿದ ಅಮ್ಮ ಜಗುಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಬಂದ ಕಾರಣ ಹೇಳಿದೆ. ಅವರು ಕಟ್ಟುವ ಕೈ ನಿಲ್ಲಿಸಲಿಲ್ಲ.

"ಪೂಜೆಗಿಟ್ಟದ್ನ ದಶಮಿವರೆಗೆ ತೆಗೂಕಾಗೂದಿಲ್ಲ ಅಂತ ನಿಂಗೂ ಗೊತ್ತಿತ್ತಲ್ಲ ತಂಗಿ?"

ಗೊತ್ತಿತ್ತು ಎಂದೆ. ನಾಗವೇಣಿಯ ವಿಷಯ, ಚುಕ್ಕೆಯ ವಿಷಯ, ಸೋಮವಾರದ ಸೂಜಿಯ ವಿಷಯ ಎಲ್ಲವನ್ನೂ ಹೇಳಿದೆ. ವಯಸ್ಸೆಷ್ಟು, ಮಕ್ಕಳೆಷ್ಟು, ಎಂತ ಕೆಲಸ ಎಂದು ಒಂದೊಂದಾಗಿ ಕೇಳಿದರು. ಶಾಲೆಯಲ್ಲಿ ಅಡುಗೆ ಮಾಡುವವಳು ಎಂದಾಗ ಮಾಲೆಯನ್ನು ಬಾಳೆ ಎಲೆಯ ಮೇಲಿಟ್ಟು ಎದ್ದರು. ಕೈಕಾಲು ತೊಳೆದು ಒಳಗೆ ಹೋದರು.

"ಓದು ಬರಹಕ್ಕೆ ರಜೆ ಕೊಟ್ಟದ್ದು ನಮ್ಗೆ. ಹುಷಾರಿಲ್ದವ್ರಿಗೆ ರಜೆ ಎಲ್ಲಿತ್ತು?" ಎಂದರು.

ದಶಮಿಯ ದಿನ ಮಾಡಬೇಕಾದ ಆರತಿಯನ್ನು ಆ ಒಂದು ಪುಸ್ತಕಕ್ಕೆ ಮಾತ್ರ ಆಗಲೇ ಮಾಡಿದರು. ಉಳಿದ ಪುಸ್ತಕಗಳನ್ನು ಅಲುಗಿಸಲಿಲ್ಲ. ಅಕ್ಷತೆ ಕೊಡವಿ ರಿಜಿಸ್ಟರನ್ನು ನನ್ನ ಕೈಗಿಟ್ಟರು. ನನ್ನ ಕಣ್ಣು ತುಂಬಿ ಬಂತು.

ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಜಗುಲಿಯ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಇಮ್ರಾನ್‌ಗೆ ಒಂದೊಂದೇ ಪದ ಓದಿದೆ. ರಿವರ್, ಅಂಬ್ರೆಲಾ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಪದಗಳು. ಅಮ್ಮ ಪಕ್ಕದಲ್ಲಿ ನಿಂತು, ಪುರೋಹಿತರು ಸಂಕಲ್ಪ ಹೇಳುವಾಗ ನಿಲ್ಲುವಷ್ಟೇ ಗಂಭೀರವಾಗಿ ಕೇಳಿಸಿಕೊಂಡರು. ಓದಿ ಮುಗಿದ ಮೇಲೆ ಇದನ್ನು ಬೇರೆ ಎಲ್ಲಿ ಬರೆದಿಟ್ಟಿದ್ದೀ ಎಂದು ವಿಚಾರಿಸಿದರು. ಎಲ್ಲೂ ಇಲ್ಲ, ಇದೊಂದೇ ಎಂದೆ.

"ನಾಳೆ ನೀನೇ ಇಲ್ದೆ ಹೋದ್ರೆ ಎಂತ ಮಾಡೂದು? ಪುಸ್ತಕಕ್ಕೆ ಗೆದ್ದಲು ಹಿಡದ್ರೆ?" ಎಂದರು. ಎದುರು ಮನೆಯತ್ತ ಕೈ ತೋರಿಸಿದರು. ಕೊಂಕಣಿ ಮಾತಾಡುವ, ಮೀನು ಮಾರುವ ಪಾರ್ವತಿ ಬಾಯಿಯ ಮನೆ ಅದು. "ನಮ್ಮನೆ ಬೀಗದ ಇನ್ನೊಂದು ಕೀಲಿ ನಲ್ವತ್ತು ವರ್ಷದಿಂದ ಅಲ್ಲಿ ಮೊಳೆಗೆ ನೇತಾಡ್ತದೆ. ನೀವು ಇಷ್ಟ್ ಓದ್ದವ್ರು."

ಇಷ್ಟು ದೊಡ್ಡ ಲೆಕ್ಕ ಮಾಡಿದವಳಿಗೆ ಹೊಳೆಯದ ಪ್ರಶ್ನೆ ಅದು.

ಹಿಂದಿರುಗುವ ದಾರಿಯಲ್ಲಿ ಶಿರಾಲಿಯ ಹತ್ತಿರ ಫೋನ್ ಬಂತು. ಕೀಲಿ ಹಿಡಿಯಿತು, ತುಂಡುಗಳು ಸೇರಿ ಚಿತ್ರ ಬರತೊಡಗಿದೆ ಎಂದ ಇಮ್ರಾನ್. ನಾನು ಸೆಂಟರ್ ಮುಟ್ಟುವಾಗ ಡಾಕ್ಟರು ಹಳೆಯ ಸ್ಕ್ಯಾನನ್ನೂ ನಾಗವೇಣಿ ತಂದಿದ್ದ ಮಂಗಳೂರಿನ ಹೊಸ ಸ್ಕ್ಯಾನನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಪಕ್ಕೆಲುಬಿನ ಬಿರುಕಿಗಿಂತ ಸ್ವಲ್ಪ ಒಳಗೆ, ಅದೇ ಜಾಗದಲ್ಲಿ ಅದೇ ಚುಕ್ಕೆ. ಅಳೆದರು. ಇನ್ನೊಮ್ಮೆ ಅಳೆದರು. ಆರು ವರ್ಷದ ಹಿಂದೆಯೂ ಒಂಬತ್ತು ಮಿಲಿಮೀಟರ್. ಆಗ ಎಲ್ಲರ ಕಣ್ಣೂ ಬಿರುಕಿನ ಮೇಲಿದ್ದುದರಿಂದ ಅದನ್ನು ವರದಿಯಲ್ಲಿ ಯಾರೂ ಬರೆದಿರಲಿಲ್ಲ. ಆ ತಪ್ಪು ನನ್ನದು ಎಂದು ಡಾಕ್ಟರು ನಾಗವೇಣಿಯ ಎದುರಿಗೇ ಹೇಳಿದರು. ಆಮೇಲೆ ಹಳೆಯ ಸ್ಕ್ಯಾನನ್ನು ಮಂಗಳೂರಿಗೆ ಕಳಿಸಿ ಫೋನಿನಲ್ಲಿ ಮಾತಾಡಿದರು. ಇದು ಯಾವುದೋ ಹಳೆಯ ಸೋಂಕು ಮಾಗಿದ ಕಲೆ, ಸೂಜಿ ಬೇಡ, ಕೆಮ್ಮಿಗೆ ಬೇರೆ ಔಷಧಿ ಕೊಡುತ್ತೇನೆ, ವರ್ಷ ಬಿಟ್ಟು ಒಮ್ಮೆ ನೋಡೋಣ ಎಂದು ಅಲ್ಲಿಯ ವೈದ್ಯರು ಹೇಳಿದರು.

ನಾಗವೇಣಿ ಅಳಲಿಲ್ಲ, ನಗಲೂ ಇಲ್ಲ. ಗಂಡನ ಕಡೆ ತಿರುಗಿ, "ಹಂಗಾರೆ ರಜೆ ಮುಗದ್ ಕೂಡ್ಲೆ ನಾನು ಶಾಲೆಗೆ ಹೋಗೂದೇ ಆತು. ಬದ್ಲಿ ಜನ ಬ್ಯಾಡ ಅಂತ ಹೇಳಿ ಬಿಡಿ" ಎಂದಳು. ಗಂಡ ಮಾತ್ರ ಹೊರಗೆ ಹೋಗಿ ನಲ್ಲಿಯ ಹತ್ತಿರ ತುಂಬ ಹೊತ್ತು ಮುಖ ತೊಳೆಯುತ್ತಿದ್ದ. ನಾನು ಕುರ್ಚಿಯ ಮೇಲೆ ಕೂತು, ಬೆಳಗಿನಿಂದ ಕುಡಿಯದ ಚಹಾ ತರಿಸಿಕೊಂಡು ಕುಡಿದೆ. ಮನಸ್ಸು ಅಷ್ಟು ಹಗುರಾದದ್ದು ಬೇರೆ ನೆನಪಿಲ್ಲ.

ಹಬ್ಬ ಮುಗಿದ ಮೇಲೆ ನನ್ನ ಹಳೆಯ ಪಟ್ಟಿಯನ್ನು ತೆಗೆದು ಹೊಸದಾಗಿ ನೋಡಿದೆ. ಮೊದಲ ತಪ್ಪು ಕಂಡಿತು. ದೊಡ್ಡ ಕಂಪನಿಯಲ್ಲೂ ಅಪರೂಪಕ್ಕೆ ಬೇಕಾಗುವ ಕಡತಗಳಿಗೆ ಅಗ್ಗದ ಕಪಾಟೊಂದು ಇತ್ತು. ತೆಗೆಯಲು ಕೆಲವು ಗಂಟೆ ಕಾಯಬೇಕು, ತೆಗೆದಾಗ ಶುಲ್ಕ ಕೊಡಬೇಕು, ಆದರೆ ಇಡುವ ಬಾಡಿಗೆ ನಲವತ್ತು ಪೈಸೆಯ ಆಸುಪಾಸೇ. ನಾನು ಅವರ ದುಬಾರಿ ಕಪಾಟನ್ನು ಇವರ ಅಗ್ಗದ ಕಪಾಟಿನ ಜೊತೆ ತೂಗಿದ್ದೆ. ಐದು ಪಟ್ಟು ವ್ಯತ್ಯಾಸ ಎಂದು ಕುಣಿದದ್ದರಲ್ಲಿ ಹೆಚ್ಚಿನ ಪಾಲು ನನ್ನ ಅವಸರದ್ದು. ಇದನ್ನೂ ಡಾಕ್ಟರಿಗೆ ಹೇಳಿದೆ. ಮತ್ತೆ ಎಪ್ಪತ್ತೆರಡು ಸಾವಿರದಂಥ ಖರ್ಚು ಹುಡುಕಬೇಡಿ ಮಾರಾಯ್ರೆ, ಇದ್ದಲ್ಲೇ ಇರಲಿ ಎಂದು ಅವರು ನಕ್ಕರು.

ಇದ್ದಲ್ಲೇ ಇದೆ. ಆದರೆ ಹನ್ನೆರಡು ಪದಗಳು ಈಗ ಮೂರು ಕಡೆ ಇವೆ. ರಿಜಿಸ್ಟರಿನ ಕೊನೆಯ ಪುಟದಿಂದ ಅಳಿಸಲು ಅಮ್ಮ ಬಿಡಲಿಲ್ಲ. ಇನ್ನೊಂದು ಪ್ರತಿ ಬ್ಯಾಂಕ್ ಲಾಕರಿನಲ್ಲಿದೆ. ಮೂರನೆಯದು ಮೊಹರು ಹಾಕಿದ ಲಕೋಟೆಯಲ್ಲಿ ಕುಮಟೆಯಲ್ಲಿರುವ ಡಾಕ್ಟರ ತಂಗಿಯ ಮನೆಯಲ್ಲಿದೆ. ಎಲ್ಲೆಲ್ಲಿವೆ ಎಂಬುದು ಡಾಕ್ಟರಿಗೂ ಇಮ್ರಾನ್‌ಗೂ ಗೊತ್ತು. ಮರುವರ್ಷ ನಾಗವೇಣಿ ಸ್ಕ್ಯಾನಿಗೆ ಬಂದಾಗ ಚುಕ್ಕೆ ಒಂಬತ್ತೇ ಇತ್ತು. ಅಘನಾಶಿನಿಯ ಚಿಪ್ಪುಮೀನು, ನಮ್ಮ ಕಡೆಯ ಬಳಚು, ಒಂದು ಚೀಲ ತಂದು ನನ್ನ ಮೇಜಿನ ಕೆಳಗಿಟ್ಟು ಹೋದಳು. ಅದಾದ ಸ್ವಲ್ಪ ಸಮಯಕ್ಕೆ ನಾನು ನಿವೃತ್ತಳಾದೆ.

ಈಗಲೂ ಯಾರಾದರೂ ಯಾವ ಕ್ಲೌಡ್ ಅಗ್ಗ ಎಂದು ಕೇಳಿದರೆ ನಾನು ದರ ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಕೀಲಿ ಕಳೆದುಕೊಂಡ ದಿನ ಬಾಗಿಲು ತೆರೆಯುವವರು ಯಾರು ಎಂದು. ದೊಡ್ಡ ಕಂಪನಿ ಆ ಕೆಲಸಕ್ಕೆ ಜನ ಇಟ್ಟಿರುತ್ತದೆ, ಅವರ ಸಂಬಳ ನಮ್ಮ ಬಿಲ್ಲಿನಲ್ಲಿ ಸೇರಿರುತ್ತದೆ. ಅಗ್ಗದ ಕಡೆ ಹೋದರೆ ಆ ಕೆಲಸ ನಮ್ಮದಾಗುತ್ತದೆ. ನಾನು ಅದಕ್ಕೆ ಯಾರನ್ನೂ ನೇಮಿಸಿರಲಿಲ್ಲ. ಆ ಶನಿವಾರ ಬೆಳಕೆಯ ಅಮ್ಮ ಕೈಕಾಲು ತೊಳೆದುಕೊಂಡು ಬಂದು ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟರು.