ಸೋಮವಾರ ಹೂಡಿಸಿದ ಎತ್ತು

ಮೋಟಾರು ಪಂದ್ಯಕ್ಕೆ ಸೋಮವಾರವನ್ನೇ ಗೊತ್ತು ಮಾಡಿದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಳೆ, ಅಂದರೆ ಎತ್ತು ಕಟ್ಟಿದ ನೇಗಿಲು, ಹೊಲಕ್ಕೆ ಹೋಗುವುದಿಲ್ಲ, ಚಕ್ಕಡಿ ರಸ್ತೆಗೆ ಬರುವುದಿಲ್ಲ. ಅಂದು ದಾರಿ ಖಾಲಿ ಸಿಗುತ್ತದೆ ಎಂದು ಗದಗಿನ ಮೋಟಾರು ಮಾಲೀಕರು ಲೆಕ್ಕ ಹಾಕಿದ್ದರು. ಆ ರೂಢಿಯ ಲಾಭವನ್ನು ಬೆಳಿಗ್ಗೆ ಪಡೆದು, ಮಧ್ಯಾಹ್ನ ಅದನ್ನೇ ಮೂಢನಂಬಿಕೆ ಎಂದು ಜರೆದವನು ನಾನು.

ಅದು ರಾಜ್ಯ ಒಂದಾದ ವರ್ಷ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮತ್ತೆ ಗದಗ; ಹೀಗೆ ಎರಡು ಸುತ್ತು, ನಸುಕಿನಿಂದ ಹೊತ್ತು ಮುಳುಗುವ ತನಕ. ನಾನು ಹುಟ್ಟಿದಾಗ ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಇನ್ನೊಂದರದು, ಗದಗ ಮುಂಬಯಿಯವರದು. ಈಗ ಎಲ್ಲ ಒಂದೇ. ಅದನ್ನು ಭಾಷಣ ಮಾಡಿ ತೋರಿಸುವುದಕ್ಕಿಂತ ಚಕ್ರ ಉರುಳಿಸಿ ತೋರಿಸೋಣ ಎಂದು ಭಾಷಣ ಮಾಡಿದವನೂ ನಾನೇ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದ ಬೆಟಗೇರಿಯ ಹುಡುಗ ಎಂದು ನನ್ನನ್ನು ಮೇಜಿನ ಮೇಲೆ ಹತ್ತಿಸಿ ನಿಲ್ಲಿಸಿದ್ದರು. ಎತ್ತಿನ ಕಾಲ ಮುಗಿಯಿತು ಎಂದೂ ಹೇಳಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಒಂಬತ್ತು ಕಾರುಗಳು ಹೊರಟವು. ಅದರಲ್ಲೊಂದು, ಅರಳೆ ವ್ಯಾಪಾರದ ಸಾಹುಕಾರರೊಬ್ಬರ ಹಳೆಯ ಕಾರು. ನಡೆಸುವವನು ನನ್ನ ಸೋದರಮಾವ. ಆ ಸಾಹುಕಾರರ ಬಳಿ ಹತ್ತು ವರ್ಷದಿಂದ ಡ್ರೈವರು. ಪ್ರತಿ ಊರಲ್ಲಿ ಹೊತ್ತು ಬರೆಸಿ ರುಜು ಮಾಡಿಸಿಕೊಳ್ಳಲು ಜೊತೆಗೊಬ್ಬ ಬೇಕು ಎಂಬ ನಿಯಮವಿತ್ತು. ನಾನು ಹತ್ತಿ ಕುಳಿತೆ.

ಮೊದಲ ಸುತ್ತು ಧೂಳಿನಲ್ಲೇ ಮುಗಿಯಿತು. ನಾವು ನಾಲ್ಕನೆಯವರಾಗಿ ಗದಗ ಮುಟ್ಟಿದೆವು. ಎರಡನೆಯ ಸುತ್ತಿನಲ್ಲಿ ಮಾಗಡಿಯ ಕೆರೆ ದಾಟುವಾಗ ಮಾವ ಕಪ್ಪತಗುಡ್ಡದ ಕಡೆ ನೋಡಿ ನಾಲಿಗೆ ಲೊಚಗುಟ್ಟಿದ.

“ಬಂತಲೇ ಅಳಿಯಾ.”

“ಬರ್ಲಿ ಬಿಡು. ಮೋಟಾರಿಗೆ ಮಳಿ ಏನ್ ಮಾಡ್ತೈತಿ? ಟಾಪ್ ಐತಿ.”

“ಮಳಿ ಮ್ಯಾಲಿಂದ ಬಂದ್ರ ಟಾಪ್ ತಡೀತೈತಿ. ಕೆಳಗಿಂದ ಹಿಡದ್ರ?”

ಆ ಮಾತು ನನಗೆ ಶಿರಹಟ್ಟಿ ದಾಟಿದ ಮೇಲೆ ಅರ್ಥವಾಯಿತು. ಲಕ್ಷ್ಮೇಶ್ವರದಲ್ಲಿ ಒಂದು ಕಾರಿನ ಎಂಜಿನ್ನು ತೊಯ್ದು ಕೆಮ್ಮಿ ನಿಂತಿತ್ತು. ಇನ್ನೊಂದು ಹಳ್ಳದ ನೀರು ನೋಡಿ ಹಿಂದಕ್ಕೆ ತಿರುಗಿತು. ಶಿರಹಟ್ಟಿಯ ಆಸುಪಾಸಿನ ಮಸಾರಿ, ಅಂದರೆ ಆ ಕೆಂಪು ಮಣ್ಣಿನ ದಾರಿ, ಎಷ್ಟು ಮಳೆಯಾದರೂ ನೀರು ಕುಡಿದು ಗಟ್ಟಿ ನಿಲ್ಲುತ್ತದೆ; ಅಲ್ಲಿ ನಾವು ಹಾರಿಕೊಂಡು ಬಂದೆವು. ಮುಂಡರಗಿಯ ಕಡೆ ತಿರುಗಿದ ಮೇಲೆ ಕಪ್ಪು ಮಣ್ಣಿನ ಎರೆಭೂಮಿ. ಒಣಗಿದ್ದಾಗ ಕಲ್ಲು, ತೊಯ್ದಾಗ ಅಂಟು. ಟೈರು ಒಂದೊಂದು ಸುತ್ತಿಗೂ ಒಂದೊಂದು ಪದರ ಮಣ್ಣು ಹೊದ್ದುಕೊಳ್ಳುತ್ತ ಹೋಯಿತು. ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಂತಿತು. ಇಳಿದು ಕುಡುಗೋಲಿನಿಂದ ಕೆತ್ತಿದೆವು, ಚಕ್ರಕ್ಕೆ ಹಗ್ಗ ಸುತ್ತಿದೆವು, ಹತ್ತು ಮಾರು ಹೋಗಿ ಮತ್ತೆ ನಿಂತೆವು. ಹಿರೇವಡ್ಡಟ್ಟಿ ಇನ್ನೂ ಸ್ವಲ್ಪ ದೂರವಿದ್ದಾಗ ಕಾರು ರಸ್ತೆ ಬಿಟ್ಟು ಜಾರಿ, ಹೊಲದಂಚಿನ ತಗ್ಗಿನಲ್ಲಿ ಹಿಂಬದಿ ಊರಿ ಕುಳಿತುಬಿಟ್ಟಿತು.

“ಮುಗೀತು. ನೆಲ ಆರೂತನಕ ಕುಂಡ್ರೂದ,” ಎಂದು ಮಾವ ಬೀಡಿ ಹಚ್ಚಿದ. ಅವನಿಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ. ನನಗೆ ಕಂಡಿತು. ಬೆಳಿಗ್ಗೆ ಮೇಜಿನ ಮೇಲೆ ನಿಂತವನು ನಾನು.

ಮಳೆ ಸಣ್ಣಗಾಗಿತ್ತು. ಹೊಲದಾಚೆಯ ಬನ್ನಿಗಿಡದ ಕೆಳಗೆ ನಾಲ್ಕೈದು ಮಂದಿ ನಿಂತು ನಮ್ಮನ್ನು ನೋಡುತ್ತಿದ್ದರು. ಪಕ್ಕದಲ್ಲೇ ಒಂದು ಜೋಡಿ ಬಿಳಿ ಎತ್ತು ಮೇಯುತ್ತಿದ್ದವು. ಎತ್ತರದ, ತಿದ್ದಿದಂಥ ಕೋಡಿನ ಎತ್ತುಗಳು. ನಾನು ಕೆಸರಿನಲ್ಲಿ ಕಾಲು ಕೀಳುತ್ತ ಹೋಗಿ ಯಾರವು ಎಂದು ಕೇಳಿದೆ. ನಡುವಯಸ್ಸಿನ ರೈತನೊಬ್ಬ ತಲೆಯ ಮೇಲಿನ ಕಂಬಳಿ ಸರಿಸಿ, “ನಮ್ಮವ್ರಿ,” ಎಂದ.

“ಒಂದೀಟು ಹೂಡಿ ಕಾರು ಎಳದು ಕೊಡ್ರಿ.”

“ಇವತ್ತ ಸೋಮಾರ ಐತ್ರಿ. ಹೂಡಂಗಿಲ್ಲ.”

“ಎತ್ತಿಗೆ ವಾರ ಗೊತ್ತಾಗ್ತೈತೇನ್ರಿ?”

“ಎತ್ತಿಗೆ ಗೊತ್ತಾಗೂದಿಲ್ರಿ. ನಮಗ ಗೊತ್ತಾಗ್ತೈತಲ್ರಿ.”

ಮಂದಿ ನಕ್ಕರು. ಆ ನಗೆ ನನ್ನನ್ನು ಕೆಣಕಿತು. ಎದುರಾಳಿಗೆ ಚಪ್ಪಾಳೆ ಬಿದ್ದಾಗ ಮೈ ಬಿಸಿಯಾಗುವುದು ನನ್ನ ಹಳೆಯ ಚಾಳಿ.

“ಸೋಮವಾರ ಮನಿಗೆ ಬೆಂಕಿ ಬಿದ್ರ ನೀರು ಸೇದೂದಿಲ್ಲೇನ್ರಿ ನೀವು?”

ಒಬ್ಬ ಮುದುಕ ಹಿಂದಿನಿಂದ, “ಇಲ್ಲಿ ಬಿದ್ದಿದ್ದು ಬೆಂಕಿ ಅಲ್ಲೋ ತಮ್ಮಾ, ಶೋಕಿ!” ಎಂದ. ಮತ್ತೆ ನಗೆ.

ಅಷ್ಟೊತ್ತಿಗೆ ಮಾವ ಬಂದು ನನ್ನ ರಟ್ಟೆ ಹಿಡಿದ. “ಬಿಡಲೇ. ತಿಳಿದವರು ಬ್ಯಾಡ ಅಂದ್ರ ಬ್ಯಾಡ.” ನಾನು ಕೊಸರಿಕೊಂಡೆ. ಸೋಮವಾರದ ಶಾಸ್ತ್ರ ಯಾರು ಬರೆದರು, ಮಂಗಳವಾರ ಎತ್ತಿಗೆ ದಣಿವಾಗುವುದಿಲ್ಲವೇ, ಸೋಮವಾರ ನೀವು ಆಕಳ ಹಾಲು ಕರೆಯುವುದಿಲ್ಲವೇ, ಹಾಲು ಕರೆದರೆ ಬಾರದ ಪಾಪ ಹಗ್ಗ ಕಟ್ಟಿದರೆ ಹೇಗೆ ಬರುತ್ತದೆ. ಒಂದರ ಮೇಲೊಂದು ಎಸೆದೆ. ರೈತ ಬರಿಗಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ಒತ್ತಿ ನೋಡುತ್ತಿದ್ದ. ಮಾತಿಗೆ ತಡಕಾಡುತ್ತಿದ್ದಾನೆ ಎಂದುಕೊಂಡೆ. ಕೊನೆಗೆ, ಇಂಥ ಹೊತ್ತಿಗೆಂದೇ ಉಳಿಸಿಕೊಂಡಿದ್ದನ್ನು ಹೊರತೆಗೆದೆ.

“ಹಾದಿಯಾಗ ಬಿದ್ದವರಿಗೆ ಕೈ ಕೊಡಬ್ಯಾಡ ಅಂತ ಯಾವ ದೇವ್ರು ಹೇಳ್ಯಾನ್ರಿ ಯಜಮಾನ್ರ? ಅಷ್ಟು ಹೇಳ್ರಿ, ನಾವು ಸುಮ್ನ ಹೊಕ್ಕೀವಿ.”

ಯಾರೂ ನಗಲಿಲ್ಲ. ಆತ ತನ್ನೂರಿನವರ ಮುಖವನ್ನೊಮ್ಮೆ ನೋಡಿದ. ಆಮೇಲೆ ಕಂಬಳಿ ತೆಗೆದು ಗಿಡಕ್ಕೆ ಹಾಕಿ, ನೊಗ ತರಲು ಹೋದ. ಗೆದ್ದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕಾರು ಮೇಲೆ ಬರುವುದಕ್ಕಿಂತ ಆ ಗೆಲುವೇ ನನಗೆ ಹೆಚ್ಚು ರುಚಿಸಿತು.

ಹಗ್ಗ ಕಟ್ಟಿ, ನಾವೆಲ್ಲ ಹಿಂದಿನಿಂದ ದೂಕಿದೆವು. ಎತ್ತುಗಳು ಎರಡು ಸಲ ಎಳೆದು ನಿಂತವು. ಮೂರನೆಯ ಸಲ ಕಾರು ಕಿತ್ತುಕೊಂಡು ಬಂದದ್ದೂ, ಎಡಗಡೆಯ ಎತ್ತಿನ ಮುಂಗಾಲು ಜಾರಿ ಮೈಯ ಕೆಳಗೆ ಮಡಚಿದ್ದೂ ಒಟ್ಟಿಗೇ ಆಯಿತು. ಅದು ಕೂಗಲಿಲ್ಲ. ದೊಡ್ಡದಾಗಿ ಉಸಿರು ಬಿಟ್ಟಿತು, ಅಷ್ಟೆ. ನೊಗ ಬಿಚ್ಚಿ ಎಬ್ಬಿಸಿದರು. ಮೂರು ಕಾಲಿನ ಮೇಲೆ ನಿಂತಿತು. ಮುದುಕ ಅದರ ಭುಜ ಮುಟ್ಟಿ ನೋಡಿ, “ಸಂದು ತಪ್ಪೇತಿ,” ಎಂದ.

ರೈತ ನಮ್ಮ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು.

“ನೀವು ಹೋಗ್ರಿ. ನಿಮ್ಮ ಹೊತ್ತು ಹೋಗಾಕ ಹತ್ತೈತಿ.”

ನಾವು ಹೋದೆವು. ಇದನ್ನು ಬೇರೆ ಯಾವ ರೀತಿಯಲ್ಲಿ ಬರೆದರೂ ಸುಳ್ಳಾಗುತ್ತದೆ. ಮಾವ ಕಾರಿನ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ. “ಜಲ್ದಿ ನಡಿ ಮಾಮಾ,” ಎಂದವನು ನಾನು.

ಮುಂಡರಗಿಯಲ್ಲಿ ರುಜು ಮಾಡಿಸಿಕೊಂಡು ಬಂದು ಕುಳಿತಾಗ ನಾನೇ ಶುರು ಮಾಡಿದೆ. ಎತ್ತು ಬಿದ್ದದ್ದಕ್ಕೂ ವಾರಕ್ಕೂ ಸಂಬಂಧವಿಲ್ಲ, ಮಂಗಳವಾರವಾದರೂ ಬೀಳುತ್ತಿತ್ತು ಎಂದೆ.

“ಹೌದು, ಬೀಳ್ತಿತ್ತು,” ಎಂದ ಮಾವ. “ಅಂವ ಸೋಮಾರಕ್ಕ ಬ್ಯಾಡ ಅಂದಿದ್ನೇನಲೇ? ನೆಲಕ್ಕ ಬ್ಯಾಡ ಅಂದಾಂವ ಅಂವ. ಹಸಿ ಎರಿ ಮಣ್ಣಾಗ ಯಾವ ರೈತ ಎತ್ತು ಇಳಸ್ತಾನ?”

“ಹಂಗಂತ ಬಾಯಿ ಬಿಟ್ಟು ಹೇಳಬೇಕಿತ್ತು.”

“ಹಾದಿಗೆ ಬಿದ್ದು ಕೇಳಾಕ ಬಂದವ್ರ ಮುಂದ, ಊರ ಮಂದಿ ಮುಂದ, ನನ್ನ ಎತ್ತಿನ ಕೈಲೆ ಆಗೂದಿಲ್ಲ ಅಂತ ಹೇಳಬೇಕಿತ್ತೇನು? ಎತ್ತಿನ ಮಾನನೂ ಹೋಗಬಾರದು, ನಿನ್ನ ಮಾರಿಗೆ ಹೊಡದಂಗೂ ಆಗಬಾರದು. ಅದಕ್ಕ ಸೋಮಾರ ಅಂದ. ನಿನಗ ತಿಳೀಲಿಲ್ಲ. ಸಾಲಿ ಕಲ್ತಾಂವ ನೋಡು.”

ಚರ್ಚಾಸ್ಪರ್ಧೆಯಲ್ಲಿ ನನಗೆ ಕಲಿಸಿದ್ದೇ ಹಾಗೆ. ಎದುರಾಳಿ ಆಡಿದ ಮಾತನ್ನು ಹಿಡಿ, ಅದನ್ನು ಮುರಿ, ಕುಳಿತುಕೋ. ಆಡದೆ ಬಿಟ್ಟ ಮಾತಿಗೆ ಅಲ್ಲಿ ಅಂಕವಿಲ್ಲ.

ಆ ದಿನ ಎರಡು ಸುತ್ತು ಮುಗಿಸಿದ್ದು ಮೂರೇ ಕಾರು. ನಾವು ಮೂರನೆಯವರು. ಮಾವನಿಗೆ ಪೇಟಾ ಸುತ್ತಿದರು. ನನ್ನನ್ನು ಮತ್ತೆ ಮೇಜು ಹತ್ತಿಸಿದರು. ಮಳೆಯ ಬಗ್ಗೆ ಹೇಳಿದೆ, ಕೆಸರಿನ ಬಗ್ಗೆ, ಕುಡುಗೋಲಿನಿಂದ ಮಣ್ಣು ಕೆತ್ತಿದ್ದರ ಬಗ್ಗೆ ಹೇಳಿದೆ. ಎತ್ತಿನ ಬಗ್ಗೆ ಹೇಳಲಿಲ್ಲ. ಮಾವ ಪೇಟಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ತಲೆ ಬಗ್ಗಿಸಿ ಕುಳಿತಿದ್ದ.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಒಬ್ಬನೇ ಬಸ್ಸು ಹತ್ತಿ ಆ ರೈತನ ಊರಿಗೆ ಹೋದೆ. ತಪ್ಪು ನನ್ನದು ಎಂದು ಹೇಳಿ ಬರಬೇಕೆಂದು ಹೋದದ್ದು. ದಾರಿಯ ಎರಡೂ ಕಡೆ ಕಡಲೆ ಹಸಿರಾಗಿ ಹಬ್ಬಿತ್ತು. ಆತನ ಹೊಲದಲ್ಲಿ ಅರ್ಧಕ್ಕೆ ಮಾತ್ರ ಪೈರು ಇತ್ತು, ಅದೂ ಗೇಣುದ್ದ ಆಗಿರಲಿಲ್ಲ. ಉಳಿದರ್ಧ ಬಿತ್ತದೆ ಬಿಟ್ಟ ಬೀಡು. ನೆಲಕ್ಕೆ ಬಿತ್ತುವ ಹದ ಇದ್ದಾಗ ಎತ್ತಿನ ಜೋಡಿ ಇರಲಿಲ್ಲ; ಊರಿನವರು ತಮ್ಮ ಬಿತ್ತನೆ ಮುಗಿಸಿ ಗಳೆ ಕೊಡುವ ಹೊತ್ತಿಗೆ ನೆಲ ಆರಿತ್ತು. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆತ ನನ್ನ ಗುರುತು ಹಿಡಿದ. “ಬರ್ರಿ ಸಾಹೇಬ್ರ, ಕುಂಡ್ರಿ,” ಎಂದು ಕಂಬಳಿ ಹಾಸಿದ. ಕೊಟ್ಟಿಗೆಯಲ್ಲಿ ಒಂದು ಎತ್ತು ನಿಂತಿತ್ತು, ಇನ್ನೊಂದು ಮಲಗಿತ್ತು. ಅವನ ಹೆಂಡತಿ ಚಹಾ ತಂದಿಟ್ಟು, ನಾನು ಯಾರೆಂದು ತಿಳಿದ ಮೇಲೆ, ಸೆರಗು ಎಳೆದುಕೊಂಡು ಬಾಗಿಲಿಗೆ ಆತು ನಿಂತಳು.

“ನೋಡ್ರಿ ತಮ್ಮಾರ, ಒಂದು ಸೋಮಾರ ಮುರದಿದ್ದಕ್ಕ ದೇವ್ರು ಹೆಂಗ ಮಾಡಿದ. ನಾ ಐದು ಸೋಮಾರ ಉಪಾಸ ಹಿಡದೀನಿ. ಇವ್ರಿಗೆ ಹೇಳ್ರಿ, ನಿಮ್ಮಂಥ ಕಲ್ತವ್ರು ಹೇಳಿದ್ರ ಕೇಳ್ತಾರ. ಇನ್ನೊಮ್ಮಿ ಯಾರು ಬಂದು ಕಾಲು ಹಿಡದ್ರೂ ಸೋಮಾರ ಹೂಡಬ್ಯಾಡ್ರಿ ಅಂತ.”

ನಾನು ಆತನನ್ನು ನೋಡಿದೆ. ಆತ ಚಹಾದ ಬಟ್ಟಲನ್ನು ನೋಡುತ್ತಿದ್ದ. ಮನೆಯಲ್ಲಿ ಆತ ನೆಲದ ಮಾತು ಎತ್ತಿಯೇ ಇಲ್ಲ ಎಂದು ತಿಳಿಯಿತು. ಕಾರಣ ಸೋಮವಾರವಲ್ಲವ್ವಾ, ಹಸಿ ಮಣ್ಣು ಎಂದು ನಾನು ಹೇಳಿದರೆ ಆಕೆ ಗಂಡನಿಗೆ ಮುಂದಿನ ಪ್ರಶ್ನೆ ಹಾಕುತ್ತಾಳೆ: ಗೊತ್ತಿದ್ದೂ ಯಾಕೆ ಇಳಿಸಿದಿರಿ? ಅದಕ್ಕೆ ಉತ್ತರ ನಾನು. ಅದನ್ನು ಹೇಳಲೆಂದೇ ಬಸ್ಸು ಹತ್ತಿ ಬಂದಿದ್ದೆ. ಆತನ ಮಾನ ಉಳಿಸಲು ಸುಮ್ಮನಾದೆ ಎಂದು ವಾದಿಸಬಹುದು, ಆ ವಾದ ನನಗೆ ಚೆನ್ನಾಗಿ ಬರುತ್ತದೆ. ಆದರೆ ಆ ಗಳಿಗೆಯಲ್ಲಿ ನನಗೆ ಆತನ ಮಾನ ನೆನಪಾಗಿರಲಿಲ್ಲ. ದೇವರ ಮೇಲೆ ಬಿದ್ದ ಹೊಣೆ ನನ್ನ ಮೇಲೆ ಬರಲಿಲ್ಲವಲ್ಲ ಎಂಬ ನೆಮ್ಮದಿ ಮಾತ್ರ ಇತ್ತು.

“ಹೌದ್ರಿ ಅವ್ವಾರ,” ಎಂದೆ. “ಸೋಮಾರ ಹೂಡಬಾರದಿತ್ತು.”

ಆಕೆಗೆ ಸಮಾಧಾನವಾಯಿತು. “ಕೇಳಿದ್ರಲ್ಲ?” ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಆತ ಬಟ್ಟಲು ಕೆಳಗಿಟ್ಟು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಅಂದು ಅಷ್ಟೊಂದು ಮಾತಾಡಿದವನು ಇವನೇ ಹೌದೋ ಅಲ್ಲವೋ ಎಂದು ನೋಡುವಂತಿತ್ತು. ಆಮೇಲೆ ಎದ್ದು, ಮಲಗಿದ್ದ ಎತ್ತಿನ ಮುಂದೆ ಒಂದು ಹಿಡಿ ಮೇವು ಹಾಕಲು ಕೊಟ್ಟಿಗೆಗೆ ಹೋದ. ನಾನು ಕುಳಿತೇ ಇದ್ದೆ. ಎದ್ದು ಹೋಗಿ ಅದರ ಭುಜ ಮುಟ್ಟಲು ನನಗೆ ಧೈರ್ಯವಾಗಲಿಲ್ಲ.