ಎದ್ದು ನಿಲ್ಲದ ದಿನ

ಮೇಡ್ಲೇರಿಯಲ್ಲಿ ನಾನು ಹುಡುಗಿಯಾಗಿದ್ದಾಗ ಗಂಡಸರು ಯಾರೇ ಒಳಗೆ ಬಂದರೂ ಎದ್ದು ನಿಲ್ಲಬೇಕಿತ್ತು. ಕೂತೇ ಇದ್ದರೆ ಅವ್ವ ಲಟ್ಟಣಿಗೆಯಿಂದ ಮೊಣಕಾಲಿಗೆ ಬಡಿಯುತ್ತಿದ್ದಳು. ಮದುವೆಯಾಗಿ ಬ್ಯಾಡಗಿಗೆ ಬಂದೆ. ಮಾವ ಕೆಮ್ಮಿದರೆ ಸಾಕು, ರೊಟ್ಟಿ ಬಡಿಯುವುದನ್ನು ಬಿಟ್ಟು ಏಳುತ್ತಿದ್ದೆ. ರೊಟ್ಟಿ ಸೀದರೆ ಅದಕ್ಕೂ ಬೈಗುಳ. ಗಂಡ ಸತ್ತ ಮೇಲೆ ಮಗನಿಗೂ ಎದ್ದೆ. ಹಡೆದ ಮಗನಿಗೆ! ಮೈಗೆ ಅದೇ ರೂಢಿ.

ಈ ವರ್ಷ ಯುಗಾದಿ ಆದಮೇಲೆ ಮೊಮ್ಮಗಳನ್ನು ನೋಡಲು ಕರ್ಜಗಿಯಿಂದ ಗಂಡಿನವರು ಬಂದರು. ಹುಡುಗ ಅವಳಿಗೆ ಮೊದಲೇ ಗೊತ್ತು, ಹಾವೇರಿಯಲ್ಲಿ ಕೂಡಿ ಓದಿದವರು. ಅವನೇ ಬೇಕು ಅಂತ ಇವಳ ಹಟ. ಬೆಳಗಿನಿಂದ ಮನೆಯಲ್ಲಿ ಎಲ್ಲರಿಗೂ ಜೀವ ಕೈಯಲ್ಲಿ. ನನ್ನನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದ್ದರು. ಹುಡುಗನ ಅಪ್ಪ ಹೊಸ್ತಿಲು ದಾಟಿದರು. ಮೈ ತಾನೇ ಏಳಲು ಹೊರಟಿತು. ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತೆ. ಯಾಕೆ ಅಂದರೆ ಹೇಳಲು ಬರದು. ಸಾಕಾಗಿತ್ತು.

ಸೊಸೆ ಕಣ್ಸನ್ನೆ ಮಾಡಿದಳು. ನಾನು ನೋಡಿಯೂ ನೋಡದಂತೆ ಕೂತೆ.

"ಯಾಕ್ರಿ ಯವ್ವಾ, ಮೊಣಕಾಲು ನೋಯಾಕತ್ತಾವೇನ್ರಿ?" ಎಂದರು ಅವರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು.

"ಕಾಲು ಚಲೋ ಅದಾವ್ರಿ. ಕುಂತೇನಿ, ಅಷ್ಟ. ನೀವೂ ಕುಂದ್ರಿ."

ಚಹಾ ಅರ್ಧಕ್ಕೇ ಇಟ್ಟು ಹೋದರು. ಮಗ ಒದರಿದ: "ಹಲ್ಲು ಹೋದಮ್ಯಾಲ ಸೊಕ್ಕು ಬಂತೇನಬೇ ನಿನಗ? ಒಂದೀಟು ಎದ್ದಿದ್ರ ಏನ ಕಳಕೋತಿದ್ದಿ?"

"ಇಷ್ಟು ವರ್ಷ ಎದ್ದು ಏನ ಗಳಿಸೇನಿ, ಹೇಳು?"

ಮೊಮ್ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ನನಗೆ ತಾಗಿತು. ಆ ವಾರವೆಲ್ಲ ಪಡಸಾಲೆ, ಹಿತ್ತಲು, ಅಂಗಳ ಸುತ್ತಿದ್ದೇ ಸುತ್ತಿದ್ದು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿತ್ತು. ಯಾರ ಫೋನ್ ಸದ್ದಾದರೂ ಹತ್ತಿರ ಹೋಗಿ ಕಿವಿಗೊಡುತ್ತಿದ್ದೆ.

ಕೊನೆಗೆ ಹುಡುಗನ ಅಪ್ಪನ ಫೋನ್ ಬಂತು. ಹುಡುಗಿ ಒಪ್ಪಿಗೆ. ಆದರೆ ಮದುವೆಯಲ್ಲಿ ಅಜ್ಜಿ ಬೀಗರ ಎದುರು ಕೂರಬಾರದು, ಒಳಗೇ ಇರಲಿ. ಮಗ "ಆಯ್ತ್ರಿ, ಆಯ್ತ್ರಿ" ಅನ್ನುತ್ತಿದ್ದ.

"ನೀನೂ ಹೂಂ ಅನ್ನವಾ, ನಾ ಒಳಗ ಉಣ್ತೇನಿ" ಎಂದೆ ಮೊಮ್ಮಗಳಿಗೆ. ನನ್ನ ಮೊಂಡತನಕ್ಕೆ ಅವಳ ಮದುವೆ ಯಾಕೆ ಕೆಡಬೇಕು?

ಅವಳು ಅಪ್ಪನ ಕೈಯಿಂದ ಫೋನ್ ಕಸಿದಳು. "ನಮಸ್ಕಾರ್ರಿ. ನಮ್ಮಜ್ಜಿ ಮುಂದ ಕುಂದರತಾಳ್ರಿ, ಬಾಜೂಕ ನಾನೂ ಕುಂದರತೇನಿ. ನಡೀತೈತಿ ಅಂದ್ರ ಬರ್ರಿ."

"ನೋಡೂಣು" ಅಂದು ಇಟ್ಟರಂತೆ. ಇನ್ನೂ ನೋಡುತ್ತಲೇ ಇದ್ದಾರೆ. ಹುಡುಗ ರಾಣೆಬೆನ್ನೂರಿನಲ್ಲಿ ಇವಳನ್ನು ಭೆಟ್ಟಿಯಾಗುತ್ತಾನೆ, ಅಪ್ಪನ ಮುಂದೆ ಮಾತ್ರ ಬಾಯಿ ಬಿಟ್ಟಿಲ್ಲ. ಇವಳು ಸರಿಯಾಗಿ ಉಣ್ಣುತ್ತಿಲ್ಲ, ಆಡಿದ ಮಾತನ್ನೂ ಹಿಂದೆ ತೆಗೆದುಕೊಳ್ಳುತ್ತಿಲ್ಲ. ಇದನ್ನು ಅವಳಿಗೆ ಯಾರು ಕಲಿಸಿದರೋ. ನಾನಂತೂ ಒಳಗೆ ಉಣ್ಣಲು ಒಪ್ಪಿದ್ದೆ.